ಹಗುರ ಚೀಲದ ಸಾಹಸಿಗೆ

ಸೋಮವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ಏಕಾಂಗಿ ಸಾಹಸಿಗಳಾದ ಪತಿರಾಯರಿಗೆ,

ನೀವು ಕ್ಷೇಮವಾಗಿಯೇ ಇರುತ್ತೀರಿ, ಅದನ್ನು ಕೇಳಲು ಈ ಕಾಗದವಲ್ಲ. ಬೇರೆ ಮನೆ ಮಾಡಿದ ಮೇಲೆ ನಿಮಗೆ ಒಂದಕ್ಷರವನ್ನೂ ಬರೆಯಬಾರದು ಎಂದುಕೊಂಡಿದ್ದೆ. ಮಗಳ ವಿಷಯ, ಹಾಗಾಗಿ ಬರೆಯುತ್ತಿದ್ದೇನೆ.

ನಾವು ಮದುವೆಯಾದ ಹೊಸತರಲ್ಲಿ ಸೈಕಲ್ಲಿನಲ್ಲಿ ದಾಟಿದ ಆ ಬಯಲಿನ ದಾರಿ ಇದೆಯಲ್ಲ, ಮರವೂ ಇಲ್ಲ, ಊರೂ ಇಲ್ಲ, ಅದೇ ದಾರಿಯಲ್ಲಿ ಅವಳೂ ಹೋಗುತ್ತಾಳಂತೆ. ಭಾನುವಾರ ಹೊರಡುತ್ತಾಳೆ. ಆ ದಾರಿಯನ್ನು ಒಬ್ಬನೇ ದಾಟಿದೆ ಎಂದು ನೀವು ಬರೆದ ಪುಸ್ತಕ ಅವಳಿಗೆ ಬಾಯಿಪಾಠ. ಅದರಲ್ಲೂ ಕೊನೆಯ ಅಧ್ಯಾಯ, ಸೈಕಲ್ ಪಯಣಿಗನಿಗೆ ಬೇಕಾದ ಸಾಮಾನು. ಒಂದು ಬಾಟಲಿ ನೀರು, ಒಂದು ಹೊದಿಕೆ, ಒಂದು ಚಾಕು, ಓದಲು ಒಂದು ಸಾಹಸದ ಪುಸ್ತಕ. ಉಳಿದದ್ದೆಲ್ಲ ಪುಕ್ಕಲರ ಹೊರೆ ಎಂದು ಬರೆದಿದ್ದೀರಿ. ಆ ಸಾಲಿನ ಕೆಳಗೆ ಅವಳು ಗೆರೆ ಎಳೆದಿದ್ದಾಳೆ.

ಅಲ್ಲರೀ, ನಿಮ್ಮ ಸೈಕಲ್ಲಿನಲ್ಲಿ ಇದ್ದದ್ದು ಅಷ್ಟೇ, ಒಪ್ಪಿದೆ. ನನ್ನ ಸೈಕಲ್ಲಿನಲ್ಲಿ ಏನಿತ್ತು? ಡೇರೆ, ಸ್ಟೌ, ಪಂಪು, ಪಂಕ್ಚರ್ ಪ್ಯಾಚು, ಬ್ರೇಕ್ ರಬ್ಬರು, ಔಷಧದ ಡಬ್ಬಿ, ಮತ್ತೆ ನಮ್ಮಿಬ್ಬರ ನೀರಿನ ಕ್ಯಾನುಗಳು. ಬಾಟಲಿ ಖಾಲಿಯಾದಾಗಲೆಲ್ಲ ನೀವು ಗಾಡಿ ನಿಲ್ಲಿಸಿ ಆಕಾಶ ನೋಡುತ್ತಾ ನಿಂತಿರುತ್ತಿದ್ದಿರಿ. ನಾನು ಏದುಸಿರು ಬಿಡುತ್ತಾ ಹಿಂದಿನಿಂದ ಬಂದು ತುಂಬಿಸಿಕೊಡುತ್ತಿದ್ದೆ. ನಿಮ್ಮ ಪುಸ್ತಕದಲ್ಲಿ ಅದು, ನಂಬಿದವನಿಗೆ ದಾರಿಯೇ ನೀರು ಕೊಡುತ್ತದೆ ಎಂದಾಗಿದೆ. ಓದಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲಾ ಉರಿಯಿತು.

ಟಾರ್ಪಾಲಿನ ತುಂಡು ಕತ್ತರಿಸಿ, ದಪ್ಪ ಸೂಜಿಯಿಂದ ಬೆರಳು ಚುಚ್ಚಿಕೊಂಡು ನಾನು ಹೊಲಿದ ಕ್ಯಾರಿಯರ್ ಚೀಲ, ಪುಸ್ತಕದಲ್ಲಿ ಎಲ್ಲೋ ಸಂತೆಯಲ್ಲಿ ಸಿಕ್ಕ ಚೀಲ. ಏರಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೆ. ಏಣಿಯೇ ಇರಲಿಲ್ಲ, ಹಾರಿಕೊಂಡು ಬಂದೆ ಅನ್ನುವವರನ್ನು ನಿಮ್ಮಲ್ಲೇ ಕಂಡದ್ದು. ಪುಸ್ತಕ ಬಂದಾಗ ಬಾಯಿ ಮುಚ್ಚಿಕೊಂಡಿದ್ದೆ. ನಿಮ್ಮ ಹಾರ ತುರಾಯಿ ನಿಮಗೇ ಇರಲಿ, ನನಗೆ ಅದರಲ್ಲಿ ಒಂದು ಎಸಳೂ ಬೇಡ.

ಮಗಳಿಗೆ ಎಲ್ಲವನ್ನೂ ಹೇಳಿ ನೋಡಿದೆ. ಅಪ್ಪನ ಹೆಸರೆತ್ತಿದರೆ ನಿನಗೆ ಹೊಟ್ಟೆಕಿಚ್ಚು ಎಂದಳು. ಮುಖಪುಟದಲ್ಲಿರುವ ನಿಮ್ಮ ಫೋಟೋ ತೋರಿಸಿ, ಹಾಗಾದರೆ ಇದನ್ನು ತೆಗೆದವರು ಯಾರು ಎಂದು ಕೇಳಿದೆ. ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು, ಗುಂಡಿ ಒತ್ತಿ, ಓಡಿಬಂದು ನಿಂತುಕೊಂಡೆ ಎಂದು ನೀವೇ ಹೇಳಿದ್ದೀರಂತೆ. ನೀವು ಜನ್ಮದಲ್ಲಿ ಯಾವುದಕ್ಕಾದರೂ ಓಡಿದ್ದನ್ನು ನಾನು ನೋಡಿಲ್ಲ.

ಆ ಬಯಲಿನಲ್ಲಿ ಒಂದು ಬಾಟಲಿ ನೀರು ಬೆಳಗಿನ ಹೊತ್ತಿಗೂ ಸಾಲುವುದಿಲ್ಲ. ಇದು ನಿಮಗೆ ಚೆನ್ನಾಗಿ ಗೊತ್ತು. ಬಿಸಿಲಿಗೆ ತಲೆಸುತ್ತಿ ಬಿದ್ದವರು ನೀವು, ತುಟಿಗೆ ನೀರು ಹಚ್ಚಿ ಎಬ್ಬಿಸಿದವಳು ನಾನು. ಮಗಳು ಬಿದ್ದರೆ ಅವಳ ಹಿಂದೆ ಯಾರು ಬರುತ್ತಾರೆ? ನನಗೆ ಭಯವಾಗಿದೆ, ಅನ್ನ ಸೇರುತ್ತಿಲ್ಲ. ಭಾನುವಾರದೊಳಗೆ ಅವಳಿಗೆ ಫೋನು ಮಾಡಿ. ನಾನು ಒಬ್ಬನೇ ಹೋಗಿರಲಿಲ್ಲ, ಅರ್ಧ ಸಾಮಾನನ್ನಷ್ಟೇ ಬರೆದೆ ಎಂದು ನಿಮ್ಮ ಬಾಯಿಂದಲೇ ಹೇಳಿ. ಮಾನ ಹೋಗುತ್ತದೆ ಎಂದು ಮೀನಮೇಷ ಎಣಿಸುತ್ತಾ ಕೂತರೆ, ನಿಮ್ಮ ಮುಂದಿನ ಪುಸ್ತಕ ಬಿಡುಗಡೆಗೆ ಬಂದು ಮೊದಲ ಸಾಲಿನಲ್ಲೇ ಕೂರುತ್ತೇನೆ. ಸುಮ್ಮನೆ ಮಾತ್ರ ಕೂರುವುದಿಲ್ಲ.

ಇಂತಿ,
ನಿಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲದ
ಹೆಂಡತಿ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಮಗಳೇ ಸೈಕಲ್ಲಿನಲ್ಲಿ ಅಂಗಡಿಗೆ ಬಂದಳು. ಜೊತೆಗೆ ಕಾಲೇಜಿನ ಗೆಳೆಯನೂ ಬರುತ್ತಾನಂತೆ, ಅವನೂ ನಿಮ್ಮ ಪುಸ್ತಕದ ಭಕ್ತನಂತೆ. ನನ್ನ ಕಾಟ ತಾಳಲಾರದೆ ಇವಳು, ಡೇರೆ, ಪಂಪು, ನೀರಿನ ಕ್ಯಾನು ಒಯ್ಯೋಣವೇ ಎಂದು ಅವನನ್ನು ಕೇಳಿದ್ದಾಳೆ. ಬೇಕಾದರೆ ನಿನ್ನ ಗಾಡಿಗೆ ಹಾಕಿಕೋ, ನಾನು ಹಗುರವಾಗಿ ಬರುತ್ತೇನೆ ಎಂದನಂತೆ. ಅದಕ್ಕೇ ತನಗೊಂದು ಜೊತೆ ದೊಡ್ಡ ಚೀಲ ಹೊಲಿದುಕೊಡು ಎಂದಳು. ನಾನು ಟೇಪು ತೆಗೆದು ಕ್ಯಾರಿಯರಿನ ಅಳತೆ ಹಿಡಿದೆ. ಅವಳು ನನ್ನ ಕೈಯನ್ನೇ ನೋಡುತ್ತಾ, ಅಮ್ಮಾ, ಆ ಫೋಟೋ ನೀನು ತೆಗೆದದ್ದಾ ಎಂದು ಕೇಳಿದಳು. ಫೋನು ಮಾಡುವ ಕಷ್ಟ ಇನ್ನು ನಿಮಗಿಲ್ಲ. ಆದರೂ ಕಾಗದ ಹಾಕುತ್ತಿದ್ದೇನೆ, ಓದಿಕೊಳ್ಳಿ. ಆ ಹುಡುಗನಿಗೂ ಒಂದು ಜೊತೆ ಚೀಲ ಹೊಲಿಯುತ್ತಿದ್ದೇನೆ. ಎರಡು ಜೊತೆಯೂ ಒಂದೇ ಅಳತೆ.