ಅತ್ತೆಗೆ ಒಯ್ದ ಮೂರು ಹೂವು

ವೊಲೊಗ್ದಾ, ಸೋಮವಾರ

ಅಕ್ಕಾ,

ಗ್ಲಾಶಾ ತೊಟ್ಟಿಲಲ್ಲಿ ಸುಮ್ಮನಿರುವಷ್ಟು ಹೊತ್ತಿನಲ್ಲೇ ಇದನ್ನು ಬರೆದು ಮುಗಿಸಬೇಕು. ನಿನ್ನೆ ಮಧ್ಯಾಹ್ನ ಅವಳನ್ನು ಎತ್ತಿಕೊಂಡೇ ಅತ್ತೆಯ ವಾದ್ಯವೃಂದದ ಕಛೇರಿಗೆ ಹೋಗಿದ್ದೆ. ನಮ್ಮತ್ತೆ ಜಿನೈದಾ ಅರ್ಕಾದ್ಯೆವ್ನಾ ಅಲ್ಲಿ ದೊಮ್ರಾ ಎಂಬ ತಂತಿವಾದ್ಯ ನುಡಿಸುತ್ತಾರೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನನ್ನೊಡನೆ ಅವರದು ಅಳೆದು ತೂಗಿದ ಮಾತೇ. ವೇದಿಕೆ ಹತ್ತಿ ಹೂ ಕೊಟ್ಟರಾದರೂ ಒಲಿದಾರೆಂದು ಮೂರು ಕಾರ್ನೇಷನ್ ಒಯ್ದಿದ್ದೆ.

ಬಲಲೈಕಾ ವಾದ್ಯಗಳು ನಿಂತವು, ಇನ್ನೊಂದು ನುಡಿಸಲೆಂದು ಸಭೆಯೆಲ್ಲ ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟತೊಡಗಿತು. ನಾನು ಹೋಗಿ ಅತ್ತೆಯ ಮುಂದೆ ನಿಂತೆ. ಅಷ್ಟರಲ್ಲಿ ಮಗಳು ಒಂದು ಹೂವಿನ ತಲೆಯನ್ನೇ ಕಿತ್ತೆಸೆದಳು! ಉಳಿದದ್ದು ಎರಡು. ಸತ್ತವರಿಗಲ್ಲದೆ ಯಾರಿಗೆ ಕೊಡುತ್ತೇವೆ ಎರಡು ಹೂ? ಮುಂದಿನ ಸಾಲಿನಿಂದ ಒಬ್ಬ ಅಜ್ಜಿ, "ಅಯ್ಯೋ ಹುಡ್ಗೀ, ಜಿನೈದಾ ಇನ್ನೂ ಬದ್ಕಿದಾಳೆ ಕಣೇ!" ಎಂದು ಕೂಗಿದಳು.

ಅತ್ತೆ ಎರಡನ್ನೂ ತೆಗೆದುಕೊಂಡು, ಒಂದನ್ನು ಪಕ್ಕದಲ್ಲಿ ದೊಡ್ಡ ಬಲಲೈಕಾ ನುಡಿಸುವ ಪ್ರೋಖೋರನ ಜೇಬಿಗೆ ಸಿಕ್ಕಿಸಿದರು. "ತಗೋಳಯ್ಯ, ಇವತ್ತೊಂದಿನ ತಾಳ ತಪ್ಪಲಿಲ್ಲ ನೀನು." ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ನನ್ನ ಮುಖ ನೋಡಿ, "ಎಷ್ಟು ದಿನ ಆಯ್ತೇ ನಿದ್ದೆ ಮಾಡಿ? ಕೊಡು ಇಲ್ಲಿ ಮಗೂನ, ಹೋಗಿ ಕೂತ್ಕೋ" ಎಂದರು. ದೊಮ್ರಾ ಕೆಳಗಿಟ್ಟು, ಗ್ಲಾಶಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾಳ ಹಾಕುವ ಮರದ ಚಮಚವೊಂದನ್ನು ಅವಳ ಕೈಗೇ ಕೊಟ್ಟರು.

ಮಗುವಿಗೆ ಹಲ್ಲು ಬರುತ್ತಿದೆ, ಜ್ವರವಿಲ್ಲ, ಅಮ್ಮನಿಗೆ ತಿಳಿಸು. ಕಛೇರಿಯ ಕೊನೆಗೆ ಏನು ನುಡಿಸಿದರೆಂದು ಮಾತ್ರ ಕೇಳಬೇಡ. ಮುಂದಿನ ಸಾಲಿನಲ್ಲಿ, ಅತ್ತೆಯ ಎದುರಿಗೇ, ನಾನು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದೆ.

ನಿನ್ನ ತಾಸ್ಯಾ