ಬಲಗಡೆಯ ಜೇಬು

ಫೆಬ್ರವರಿ 8, ಸಂಜೆ

ಹೊಲಿಗೆ ಮಿಷನ್ನಿನ ಬಾಬಿನ್ ದಾರ ಮತ್ತೆ ಸಿಕ್ಕುಹಾಕಿಕೊಂಡಿತು. ಶಾಲೆ ಯೂನಿಫಾರ್ಮ್ ಗುಡ್ಡೆ ಬಿದ್ದಿದೆ. ಅಷ್ಟರಲ್ಲಿ ಇವರು ಅಂಗಡಿಗೆ ಬಂದರು, ಹೆಗಲ ಮೇಲೆ ಹಳೇ ಬಟ್ಟೆಯ ಗೋಣಿಚೀಲ. ಬಿಲ್ಡಿಂಗಿನ ಹಸಿರು ಕಮಿಟಿಗೆ ಸೆಕ್ರೆಟರಿ ಆದಾಗಿನಿಂದ ಕಾಲು ನೆಲದ ಮೇಲಿಲ್ಲ.

"ಈ ಸಲ ಪ್ರೇಮಿಗಳ ದಿನಕ್ಕೆ ಪ್ಲಾಸ್ಟಿಕ್ ಇಲ್ಲ, ಮಿರಿಮಿರಿ ಕಾಗದ ಇಲ್ಲ. ಬಿಲ್ಡಿಂಗಿನ ಎಲ್ಲಾ ಗಿಫ್ಟೂ ಹಳೇ ಬಟ್ಟೇಲಿ ಕಟ್ಟೋದು. ಚೌಕ ಚೌಕ ಕತ್ತರಿಸಿ ಕೊಟ್ಟುಬಿಡೇ."

"ಯಾರು? ನಾನಾ?"

"ಮತ್ತೆ ನಮ್ಮನೇಲಿ ದರ್ಜಿ ಯಾರಿದ್ದಾರೆ?"

ಮಾತು ಕೊಟ್ಟು ಬಂದಮೇಲೆ ನನಗೆ ಹೇಳುವುದು! ಪರಿಸರ ಇವರದು, ಸೊಂಟನೋವು ನನ್ನದು.

ಫೆಬ್ರವರಿ 11

ಹೊಲಿಗೆ ಬಿಚ್ಚುವ ಕೆಲಸ ಕಾಜಕ್ಕನಿಗೆ ಕೊಟ್ಟೆ. ಅಂಗಡಿಯಲ್ಲಿ ಕಾಜಾ, ಗುಂಡಿ ಎಲ್ಲ ಅವಳದೇ. "ನಿನ್ನ ಗಂಡ ಭೂಮಿ ಉಳಿಸ್ತಾನಂತೆ. ನನ್ನ ಕಣ್ಣು ಉಳಿಸೋರು ಯಾರೇ?" ಅಂದಳು.

ಬಿಚ್ಚಿದ ತುಂಡುಗಳನ್ನು ಪದರ ಪದರ ಹಾಸಿದೆ. ಮೇಲಿನದಕ್ಕೆ ಸೀಮೆಸುಣ್ಣದ ಗೆರೆ. ಕೆಳಗಿನ ಪದರ ಯಾರು ನೋಡುತ್ತಾರೆ? ಹಾಳಾಗಿ ಹೋಗಲಿ ಎಂದು ಕರೆಂಟ್ ಕತ್ತರಿ ಬರ್ರನೆ ಓಡಿಸಿಬಿಟ್ಟೆ.

ಹದಿನಾಲ್ಕಕ್ಕೆ ನಮಗೇನು ಎಂದು ಇವರನ್ನು ಕೇಳಿದರೆ, "ಕಮಿಟಿ ಪ್ರೋಗ್ರಾಂ ಮುಗಿಸ್ಕೊಂಡು ಬರ್ತೀನಲ್ಲ." ಊರಿಗೆಲ್ಲ ಪ್ರೇಮ ಹಂಚಿ, ಉಳಿದರೆ ಹೆಂಡತಿಗೆ.

ಫೆಬ್ರವರಿ 14

ಆದದ್ದನ್ನು ಬರೆದೇ ಮಲಗುತ್ತೇನೆ.

ಇವರು ಬಟ್ಟೆಯ ಗಂಟು ಹಿಡಿದು ಬಂದರು. "ಇದು ನಿಂಗೆ. ಅಷ್ಟು ಚೌಕದಲ್ಲಿ ಇದೇ ಇಷ್ಟ ಆಯ್ತು ನೋಡು. ಜೇಬೂ ಇದೆ!"

ಬೂದು ಚೌಕಳಿ. ಗುಂಡಿ ಇರುವ ಬದಿಗೇ ಜೇಬು. ಗಂಡಸರ ಅಂಗಿಗೆ ಗುಂಡಿ ಬಲಕ್ಕೆ, ಜೇಬು ಎಡಕ್ಕೆ. ಬಲಕ್ಕೆ ಜೇಬಿದ್ದ ಅಂಗಿ ನಾನು ಹೊಲಿದದ್ದು ಒಂದೇ. ಅಳತೆ ಕೊಡಲು ಬಂದವರ ಮುಖ ನೆನೆಯುತ್ತಾ ಕೂತು ಎಡವಟ್ಟಾದದ್ದು. "ಹಾಗೇ ಇರ್ಲಿ ಬಿಡಿ, ನಿಮ್ಮ ಗುರುತು" ಎಂದು ಅದನ್ನೇ ತೊಟ್ಟು ನಮ್ಮ ಮದುವೆಗೂ ನಿಂತವರು ಇವರು!

"ಯಾರ ಅಂಗಿ ರೀ ಇದು?"

"ಯಾರದೋ ಏನೋ. ನಮ್ಮ ಬೀರುವಿನ ಕೆಳಗಿನ ಖಾನೇದೂ ಒಂದಷ್ಟು ಚೀಲಕ್ಕೆ ತುಂಬಿದ್ದೆ..."

ಜೇಬು ನೋಡಿದರು. ನನ್ನನ್ನು ನೋಡಿದರು. ಪೆಚ್ಚಾದರು.

ಕೂಗಾಡಿದೆ. ಪಕ್ಕದ ಮನೆಗೆ ಕೇಳಿದರೆ ಕೇಳಲಿ. ಹನ್ನೆರಡು ವರ್ಷ ಜೋಪಾನ ಮಾಡಿದ್ದನ್ನು ನನ್ನ ಕೈಯಿಂದಲೇ ತುಂಡು ಮಾಡಿಸಿದರಲ್ಲ!

ಫೆಬ್ರವರಿ 15

ಗಂಟಿನಲ್ಲಿ ಇದ್ದದ್ದು ಹೂವಿನ ಬೀಜ. ಯಾವ ಹೂವೋ ಇವರಿಗೇ ಗೊತ್ತಿಲ್ಲ.

ಬೆಳಗಿನಿಂದ ಬಾಗಿಲು ಬಾಗಿಲು ತಟ್ಟಿದ್ದಾರೆ. "ಗಿಫ್ಟ್ ನೀವೇ ಇಟ್ಕೊಳ್ಳಿ, ಕಟ್ಟಿದ ಬಟ್ಟೆ ಮಾತ್ರ ವಾಪಸ್ ಕೊಡಿ" — ಸೆಕ್ರೆಟರಿ ಸಾಹೇಬರು! ಮೂರನೇ ಮಹಡಿಯ ಡಾಕ್ಟರಮ್ಮ, "ಮರುಬಳಕೆ ಇಷ್ಟು ಬೇಗನಾ?" ಅಂದರಂತೆ. ಬೆನ್ನಿನ ತುಂಡು ಸಿಕ್ಕಿತು, ಕೇಕಿನ ಜಿಡ್ಡು ಸಮೇತ. ತೋಳುಗಳ ಪತ್ತೆಯಿಲ್ಲ.

"ಸೇರಿಸಿ ಹೊಲಿದುಬಿಡೇ."

"ಚೌಕ ಆದದ್ದು ಮತ್ತೆ ಅಂಗಿ ಆಗಲ್ಲ ರೀ. ಹೆಚ್ಚಂದ್ರೆ ದಿಂಬಿನ ಕವರ್ ಆದೀತು. ಅದನ್ನೂ ನಾನು ಹೊಲಿಯಲ್ಲ. ಬೇಕಾದ್ರೆ ನೀವೇ ಕೂತ್ಕೊಳ್ಳಿ."

ಫೆಬ್ರವರಿ 17, ಸಂಜೆ

ಕಮಿಟಿ ಮೀಟಿಂಗ್ ಬಿಟ್ಟು ದಿಂಬಿನ ಕವರ್ ಹೊಲಿಯಲು ಮಿಷನ್ ಮುಂದೆ ಕೂತಿದ್ದಾರೆ. ದಾರ ಕಡಿಯುತ್ತದೆ. ಪೋಣಿಸುತ್ತಾರೆ. ಮತ್ತೆ ಕಡಿಯುತ್ತದೆ. ನಾನೇನೂ ನೋಡುತ್ತಿಲ್ಲ, ಬರೆಯುತ್ತಿದ್ದೇನೆ. ಇವರ ಬೆರಳಿಗೆ ಸೂಜಿ ಚುಚ್ಚಿತು — ಚುಚ್ಚಲಿ. ಅಂಚು ಕಿತ್ತಿದ್ದ ಜೇಬನ್ನು ಪೂರ್ತಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದಾರೆ.

"ಲೇ, ಜೇಬು ಯಾವ ಕಡೆ ಹಚ್ಚಲಿ?"

ಇಷ್ಟೆಲ್ಲ ಆದಮೇಲೆ! ಯಾವ ಕಡೆಯಂತೆ! ಈ ಮನುಷ್ಯನಿಗೆ ನಾನೇ ಎದ್ದುಹೋಗಿ ಬಲಗಡೆ ತೋರಿಸಬೇಕು!