ಬಾರದ ಲೇಬಲ್

ಗದಗ, ೨೧೯೧ರ ಫೆಬ್ರವರಿ ೩೦

ಇಪ್ಪತ್ತೊಂದನೆಯ ಶತಮಾನದಲ್ಲಿ ಪ್ರಿಂಟರಿನ ಡ್ರೈವರ್ ಬರೆಯುವವರಿಗೂ, ಲಿನಕ್ಸಿನ ಭದ್ರತಾ ನೀತಿ ಬರೆಯುವವರಿಗೂ,

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನಿಮಗೆ ಗೊತ್ತಿಲ್ಲದ ಪದಗಳು ನಡುವೆ ಬಂದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ. ನನ್ನ ಹೆಸರು ದಾಕ್ಷಾಯಣಿ ಬಡಿಗೇರ. ಇಲ್ಲಿನ ಹೆರಿಗೆ ಆಸ್ಪತ್ರೆಯ ರಕ್ತನಿಧಿಯನ್ನು ನೋಡಿಕೊಳ್ಳುತ್ತೇನೆ.

ನಮ್ಮ ಊರು ನಸುಕಿನಲ್ಲೇ ಎದ್ದು ಕೆಲಸ ಮುಗಿಸಿ, ಹೊತ್ತೇರುವ ಮುಂಚೆ ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಇಳಿಹೊತ್ತಿನವರೆಗೆ ಬಿಸಿಲುಬಂದ್. ಡಾಂಬರು ಮೆತ್ತಗಾಗುವ ಆ ಹೊತ್ತಿನಲ್ಲಿ ಹುಬ್ಬಳ್ಳಿಯಿಂದ ಆಂಬುಲೆನ್ಸ್ ಕೂಡ ಬರುವಂತಿಲ್ಲ. ಆಸ್ಪತ್ರೆಯಲ್ಲಿ ರಕ್ತ ಏರಿಸುವುದು ಎರೆಯಂತ್ರ. ಅದು ಚೀಲದ ಮೇಲೆ ಅಚ್ಚಾದ ಲೇಬಲನ್ನು ಓದಿ, ರೋಗಿಯ ಕೈಪಟ್ಟಿಗೆ ಹೋಲಿಸಿ, ಎರಡೂ ಹೊಂದಿದರೆ ಮಾತ್ರ ಹನಿ ಬಿಡುತ್ತದೆ. ಕೈಬರಹವನ್ನು ಒಪ್ಪುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ತಪ್ಪು ರಕ್ತ ಹೋಗಿ ಬಾಣಂತಿಯೊಬ್ಬಳು ಸತ್ತ ಮೇಲೆ ತಂದ ಕಟ್ಟಳೆ ಅದು. ಅದರ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಕಂಪ್ಯೂಟರುಗಳು ಇಂದಿಗೂ ನಿಮ್ಮ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲೇ ನಡೆಯುತ್ತವೆ. ಯಾವ ಪ್ರೋಗ್ರಾಮು ಏನನ್ನು ಮುಟ್ಟಬಹುದು, ಏನನ್ನು ಓಡಿಸಬಹುದು ಎಂದು ಒಳಗೆ ಕೂತು ಕಾಯುವ ನಿಮ್ಮ ಭದ್ರತಾ ನೀತಿಗೆ ನಾವು ತಡೆಗಾರ ಅನ್ನುತ್ತೇವೆ.

ಹಳೆಯ ಲೇಬಲ್ ಪ್ರಿಂಟರು ಕೆಟ್ಟು ಹೊಸದು ಬಂತು. ಅದನ್ನು ನಡೆಸುವ ಪ್ರೋಗ್ರಾಮು, ಅಂದರೆ ಡ್ರೈವರ್, ತನ್ನದೇ ಬೇರೆ ಫೋಲ್ಡರಿನಲ್ಲಿರುವ ಇನ್ನೊಂದು ಪ್ರೋಗ್ರಾಮನ್ನು ಕರೆಯುತ್ತದೆ. ತಡೆಗಾರನಿಗೆ ಆ ಫೋಲ್ಡರಿನ ಗುರುತಿಲ್ಲ, ತಡೆದುಬಿಡುತ್ತಾನೆ. ತಡೆದೆ ಎಂದು ಹೇಳುವುದೂ ಇಲ್ಲ. ಪರದೆಯ ಮೇಲೆ ‘ಮುದ್ರಣ ಮುಗಿಯಿತು’ ಎಂದು ಬರುತ್ತದೆ, ಕಾಗದ ಬರುವುದಿಲ್ಲ. ಡ್ರೈವರಿನವರನ್ನು ಕೇಳಿದರೆ ತಡೆಗಾರನನ್ನೇ ಬಂದ್ ಮಾಡಿ ಎಂದರು. ನೀತಿಯವರು ಡ್ರೈವರನ್ನು ಸರಿಮಾಡಿಸಿ ಎಂದರು. ಕೊನೆಗೆ ನಮ್ಮ ಕಂಪ್ಯೂಟರ್ ವಿಭಾಗದ ಮಹಾಂತೇಶ ಕಬ್ಬೂರ ಅವರು ತಾವೇ ತಡೆಗಾರನ ನೀತಿಯಲ್ಲಿ ಆ ಫೋಲ್ಡರಿಗೆ ಒಂದು ವಿನಾಯಿತಿ ಬರೆದು ಪ್ರಿಂಟರನ್ನು ನಡೆಸಿದರು. ಅದಾದ ಮೇಲೆ ನಾವು ನಿಶ್ಚಿಂತೆಯಿಂದಿದ್ದೆವು.

ಒಂದು ಮಧ್ಯಾಹ್ನ, ಬಿಸಿಲುಬಂದಿನ ನಡುವೆ, ರೇಷ್ಮಾ ನದಾಫ ಎಂಬ ಹುಡುಗಿಗೆ ಚೊಚ್ಚಲ ಹೆರಿಗೆಯಾಯಿತು. ಹೆಣ್ಣುಮಗು. ಮಗು ಅತ್ತ ಹಿಂದೆಯೇ ತಾಯಿಗೆ ರಕ್ತಸ್ರಾವ ಶುರುವಾಯಿತು. ಮೊದಲೇ ಲೇಬಲ್ ಹಚ್ಚಿಟ್ಟ ತುರ್ತು ಚೀಲಗಳು ಬೆಳಿಗ್ಗೆ ಇನ್ನೊಬ್ಬಳಿಗೆ ಖರ್ಚಾಗಿದ್ದವು. ಹೊಂದುವ ರಕ್ತ ನನ್ನ ಫ್ರಿಜ್ಜಿನಲ್ಲೇ ಇತ್ತು. ಲೇಬಲ್ ಬರಲಿಲ್ಲ.

ಮಹಾಂತೇಶ ಓಡಿಬಂದರು. “ತಡೆಗಾರನ್ನ ಬಂದ್ ಮಾಡಿಬಿಡ್ರಿ ಅಣ್ಣಾರ,” ಎಂದೆ.

“ಬಂದ್ ಮಾಡಿದ್ರ ಕೂಸುಗಳ ಉಸಿರಿನ ಮಷೀನೆಲ್ಲಾ ಬಯಲಿಗೆ ಬೀಳ್ತಾವ ಯವ್ವಾ. ಹೋದ ವರ್ಷ ಕಂಪ್ಯೂಟರ್ ಕಳ್ಳರು ಒಳಗ ಹೊಕ್ಕಿದ್ದು ಇಂಥಾದ ಪ್ರಿಂಟರಿನ ಹಾದೀಲೆ.”

“ಇಲ್ಲಿ ತಾಯಿ ಸಾಯಾಕತ್ತಾಳ್ರಿ!”

“ನಂಗ ಗೊತ್ತಿಲ್ಲೇನು? ವಿನಾಯಿತಿ ಐತಿ, ನಾನ ಬರದೀನಿ. ಪ್ರಿಂಟರಿನ್ಯಾಗ ಏನರ ಆಗಿರಬೇಕು.”

ಕೇಬಲ್ ಬದಲಿಸಿದೆವು. ಕಾಗದದ ಸುರುಳಿ ಬದಲಿಸಿದೆವು. ನಾನು ಪ್ರಿಂಟರಿನ ಬೆನ್ನಿಗೆ ಗುದ್ದಿದೆ. ಪ್ರತಿ ಸಲವೂ ‘ಮುದ್ರಣ ಮುಗಿಯಿತು’. ಕಡೆಗೆ ಅವರು ತಡೆಗಾರನ ದಾಖಲೆಗಳನ್ನು ತೆರೆದು ಒಂದೊಂದೇ ಸಾಲು ಇಳಿಯುತ್ತ ಹೋಗಿ, ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡರು. ಹಿಂದಿನ ದಿನ ತಡೆಗಾರನ ಹೊಸ ಆವೃತ್ತಿ ಬಂದಿತ್ತು. ಅವರು ಬರೆದ ವಿನಾಯಿತಿಯನ್ನು ಅದು ಸದ್ದಿಲ್ಲದೆ ಒರೆಸಿಹಾಕಿತ್ತು. ಆ ಒಂದು ಫೋಲ್ಡರಿಗಷ್ಟೇ ಮತ್ತೆ ಅಪ್ಪಣೆ ಬರೆದರು. ಪ್ರಿಂಟರು ಗುರ್ರೆಂದಿತು. ಲೇಬಲ್ ಹಚ್ಚಿ ಚೀಲ ಹಿಡಿದು ನಾನು ಓಡಿದೆ.

ರೇಷ್ಮಾ ಬದುಕಿದಳು. ಆದರೆ ರಕ್ತಕ್ಕಾಗಿ ಇನ್ನೂ ಕಾಯಲಾಗದೆ ಡಾಕ್ಟರು ಸ್ರಾವ ನಿಲ್ಲಿಸಲು ಅವಳ ಗರ್ಭಕೋಶವನ್ನು ತೆಗೆದುಬಿಟ್ಟಿದ್ದರು.

ಎದ್ದು ಕೂರುವಂತಾದಾಗ ಅವಳು ನನ್ನನ್ನು ಕರೆಸಿದಳು. “ಅಕ್ಕಾರ, ರಕ್ತ ಇತ್ತಂತಲ್ರಿ. ಮತ್ತ್ಯಾಕ ತಡಾ ಆತು?”

ಪ್ರಿಂಟರು, ಡ್ರೈವರ್, ತಡೆಗಾರ, ಎಲ್ಲವನ್ನೂ ಬಿಡಿಸಿ ಹೇಳಿದೆ. ಮಗುವಿಗೆ ಹಾಲೂಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

“ಅಂದ್ರ ತಪ್ಪು ಯಾರ್ದರಿ?”

ಅದೇ ಪ್ರಶ್ನೆ ಹಾಕಿ ಡ್ರೈವರಿನವರಿಗೂ ನೀತಿಯವರಿಗೂ ದೂರು ಬರೆದೆ. ಇಬ್ಬರಿಂದಲೂ ಒಂದೇ ಉತ್ತರ ಬಂತು: ಇದು ನಮ್ಮ ವ್ಯಾಪ್ತಿಯದಲ್ಲ.

ನಮ್ಮ ಕಾಲದವರಿಗೆ ಹೇಳಿ ಸಾಕಾಗಿ ನಿಮಗೆ ಬರೆಯುತ್ತಿದ್ದೇನೆ. ಡ್ರೈವರನ್ನೂ ತಡೆಗಾರನನ್ನೂ ಮೊದಲು ಕಟ್ಟಿದವರು ನಿಮ್ಮ ನಡುವೆಯೇ ಇದ್ದಾರೆ, ಬಹುಶಃ ಒಂದೇ ಊರಿನಲ್ಲಿ. ದಯವಿಟ್ಟು ಒಮ್ಮೆ ಎದುರುಬದುರು ಕೂತು ಮಾತಾಡಿ. ತಡೆದರೆ, ತಡೆದೆ ಎಂದು ಪರದೆಯ ಮೇಲೆ ಮನುಷ್ಯರಿಗೆ ತಿಳಿಯುವಂತೆ ಹೇಳಿಸಿ. ಕಾಗದ ಬಾರದೆ ‘ಮುಗಿಯಿತು’ ಎನ್ನಿಸಬೇಡಿ.

ನಾಳೆ ತಡೆಗಾರನ ಇನ್ನೊಂದು ಆವೃತ್ತಿ ಬರುತ್ತದಂತೆ. ಮಹಾಂತೇಶ ಆಗಲೇ ಪ್ರಿಂಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ನಾನೂ ಹೋಗಬೇಕು.

ನಮಸ್ಕಾರ.

ದಾಕ್ಷಾಯಣಿ